ಚೀಟಿ ದೊಡ್ಡದೋ, ಹೊಗೆ ದೊಡ್ಡದೋ?

ಗೀಗೀ ಪದದಾಗ ಹರದೇಶಿಯವರು ಒಂದು ಕಡೆ, ನಾಗೇಶಿಯವರು ಒಂದು ಕಡೆ ನಿಂತು ವಾದ ಹಾಡ್ತಾರ. ಶಿವ ಹೆಚ್ಚೋ ಶಕ್ತಿ ಹೆಚ್ಚೋ, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಅಂತ ರಾತ್ರಿ ಪೂರಾ ಸವಾಲು ಜವಾಬು ನಡೀತದ. ಬೆಳಗಾಗೋ ಹೊತ್ತಿಗೆ ಯಾರೂ ಪೂರ್ತಿ ಸೋತಿರಂಗಿಲ್ಲ. ಆದರೆ ಕೇಳಿದವರು ಮನಿಗೆ ಹೋಗುವಾಗ ಒಂದು ವಿಚಾರ ತಲಿಯೊಳಗ ಇಟ್ಟುಕೊಂಡು ಹೋಗ್ತಾರ. ವಾಚನಾಲಯದವರು ಈ ಪುಸ್ತಕಕ್ಕೆ ನೀವೂ ಒಂದು ಲೇಖನ ಬರೀರಿ ಅಂದಾಗ, ನನಗೆ ಗೊತ್ತಿದ್ದ ದಾರಿ ಇದೊಂದೇ. ಅದಕ್ಕೆ ಇಲ್ಲಿಯೂ ಎರಡು ಪಕ್ಷ ಮಾಡಿ ಹೇಳ್ತೀನಿ.

ಸವಾಲು ಇದು. ಗಾಡಿಯ ಹೊಗೆ ತಪಾಸಣೆ ಇರ್ತದಲ್ಲ, ಪಿಯುಸಿ ಅಂತೀವಲ್ಲ, ಅದರಲ್ಲಿ ಪಾಸ್ ಆಗಲಿ ಅಂತ ಗಾಡಿಯನ್ನು ತಯಾರು ಮಾಡ್ತೀವಿ. ಆ ತಯಾರಿಯೊಳಗ ಖರೆ ಎಷ್ಟು, ಸುಳ್ಳು ಎಷ್ಟು? ತಪಾಸಣೆಯ ದಿನ ಗಾಡಿ ಸ್ವಚ್ಛ ಇದ್ದರೆ ಸಾಕೋ, ದಿನಾಲೂ ಸ್ವಚ್ಛ ಇರಬೇಕೋ? ಕಿಸೆಯೊಳಗಿನ ಚೀಟಿ ದೊಡ್ಡದೋ, ಹಿಂದೆ ಬಿಟ್ಟು ಹೋಗೋ ಹೊಗೆ ದೊಡ್ಡದೋ?

ಇದು ಸಣ್ಣ ಮಾತು ಅನ್ನಬ್ಯಾಡರಿ. ನಮ್ಮ ಅಕ್ಕಲಕೋಟ ತಾಲೂಕಿನ ಯಾವ ಊರಿಗೆ ಹೋದರೂ ಈಗ ಬಂಡಿಗಿಂತ ಗಾಡಿ ಹೆಚ್ಚು. ಎಂ.ಎಚ್. 13 ಅಂತ ಬರೆದ ನಮ್ಮ ಸೊಲ್ಲಾಪುರದ ಗಾಡಿ, ಕೆ.ಎ. 28 ಅಂತ ಬರೆದ ವಿಜಯಪುರದ ಗಾಡಿ, ಕೆ.ಎ. 32 ಅಂತ ಬರೆದ ಕಲಬುರಗಿ ಗಾಡಿ ಒಂದೇ ರಸ್ತೆಯ ಮ್ಯಾಲ ಓಡ್ತಾವ. ಗಡಿ ಎಲ್ಲಿ ಅದ ಅನ್ನೋದು ಗಾಡಿಯ ನಂಬರಿಗೆ ಗೊತ್ತು, ಹೊಗೆಗೆ ಗೊತ್ತಿಲ್ಲ.

ಮೊದಲು ಕಾಯ್ದೆ ಏನು ಹೇಳ್ತದ ನೋಡೋಣ. ಮೋಟಾರು ವಾಹನ ಕಾಯ್ದೆ 1988ರದು, ಅದರ ನಿಯಮಗಳು 1989ರವು. ಹೊಸ ಗಾಡಿಗೆ ಒಂದು ವರ್ಷ ತಪಾಸಣೆ ಬೇಕಿಲ್ಲ. ಆಮ್ಯಾಲ ಹಳೇ ಗಾಡಿಗೆ ಆರು ತಿಂಗಳಿಗೊಮ್ಮೆ, ಬಿ.ಎಸ್. 4 ಮತ್ತು ಬಿ.ಎಸ್. 6 ಗಾಡಿಗೆ ವರ್ಷಕ್ಕೊಮ್ಮೆ ಮಾಡಿಸಬೇಕು. ಚೀಟಿ ಇಲ್ಲದೆ ಸಿಕ್ಕರೆ 2019ರ ತಿದ್ದುಪಡಿ ಆದಮ್ಯಾಲ ಹತ್ತು ಸಾವಿರ ರೂಪಾಯಿ ತನಕ ದಂಡ ಹಾಕಬಹುದು. ತಪಾಸಣೆಗೆ ಹತ್ತೋದು ಮಾತ್ರ ನೂರು ನೂರೈವತ್ತು ರೂಪಾಯಿ. ಈ ಎರಡು ಅಂಕಿಯ ನಡುವೆ ಎಷ್ಟು ಅಂತರ ಅದ ಅನ್ನೋದು ಲಕ್ಷ್ಯದಾಗ ಇಡ್ರಿ, ಯಾಕಂದ್ರ ಆಸೆ ಹುಟ್ಟೋದು ಅಲ್ಲೇ.

ತಪಾಸಣೆ ಹ್ಯಾಂಗ ಮಾಡ್ತಾರ ಅಂತ ಭಾಳ ಮಂದಿ ನಿಂತು ನೋಡಿರಂಗಿಲ್ಲ. ಪೆಟ್ರೋಲ್ ಗಾಡಿ ಇದ್ರ ಎಂಜಿನ್ ಸುಮ್ಮನೆ ಚಾಲೂ ಇಟ್ಟು ಸೈಲೆನ್ಸರಿನೊಳಗ ಒಂದು ಕೊಳವೆ ಹಾಕ್ತಾರ. ಮಷೀನು ಎರಡು ವಿಷ ಅಳೀತದ. ಒಂದು ಕಾರ್ಬನ್ ಮೊನಾಕ್ಸೈಡ್, ಇನ್ನೊಂದು ಪೂರ್ತಿ ಸುಡದೆ ಹಂಗೇ ಹೊರಗ ಬರೋ ಪೆಟ್ರೋಲಿನ ಅಂಶ. ಡೀಸೆಲ್ ಗಾಡಿದು ಬ್ಯಾರೆ. ಎಂಜಿನ್ ಚೆನ್ನಾಗಿ ಕಾದ ಮ್ಯಾಲ, ಗೇರ್ ಹಾಕದೆ, ಎಕ್ಸಿಲೇಟರ್ ಪೂರಾ ಒತ್ತಿ ಬಿಡ್ತಾರ, ಹಂಗ ನಾಲ್ಕಾರು ಸಲ. ಬಂದ ಹೊಗೆಯೊಳಗಿಂದ ಮಷೀನು ಬೆಳಕು ಹಾಯಿಸ್ತದ. ಹೊಗೆ ಎಷ್ಟು ಬೆಳಕು ನುಂಗಿತು ಅನ್ನೋದೇ ಲೆಕ್ಕ. ಹಳೇ ಡೀಸೆಲ್ ಗಾಡಿಗೆ 2.45ರ ಒಳಗ ಬರಬೇಕು, ಬಿ.ಎಸ್. 4 ಗಾಡಿಗೆ 1.62ರ ಒಳಗ. ನನಗೆ ಈ ಮಾತು ಭಾಳ ಹಿಡಿಸಿತು. ಹೊಗೆ ಅಂದ್ರ ಬೆಳಕು ನುಂಗೋದು, ಎಷ್ಟು ನುಂಗ್ತದೋ ಅಷ್ಟು ಕೆಟ್ಟದ್ದು.

ಈಗ ನಮ್ಮ ಮನಿಯ ಸಂಗತಿಗೆ ಬರ್ತೀನಿ. ನಮ್ಮ ಅಣ್ಣನ ಮಗಂದು ಒಂದು ಕ್ರೂಜರ್ ಅದ, 2012ರದು, ಡೀಸೆಲ್. ನಮ್ಮ ಮೇಳ ಜಾತ್ರೆಗೆ ಹೋಗೋದು ಅದರೊಳಗ, ಊರ ಮಂದಿ ದುಧನಿ ಸಂತಿಗೆ, ಲಗ್ನಕ್ಕೆ ಹೋಗೋದು ಅದರೊಳಗ. ಏರು ಹತ್ತಿದರೆ ಕರೇ ಹೊಗೆ ಬಿಡ್ತಿತ್ತು. ಜಾತ್ರೆ ಸುಗ್ಗಿ ಸುರು ಆಗೋ ಮುಂದ ಚೀಟಿ ಮುಗೀತು. ತಪಾಸಣೆಗೆ ಒಯ್ದರೆ 3ರ ಮ್ಯಾಲ ಬಂತು, ಫೇಲ್. 2021ರಿಂದ ಹೊಸ ಪದ್ಧತಿ ಬಂದದ, ಫೇಲ್ ಆದರೆ ಫೇಲ್ ಆದದ್ದಕ್ಕೂ ಒಂದು ಚೀಟಿ ಕೊಡ್ತಾರ. ಅದನ್ನು ಹಿಡಕೊಂಡು ಹುಡುಗ ಮನಿಗೆ ಬಂದ. ಅವನ ಮುಂದ ಮೂರು ದಾರಿ ಇದ್ದವು.

ಒಂದನೇ ದಾರಿ, ಗಾಡಿ ತೋರಿಸದೇ ಚೀಟಿ ತಗೊಳ್ಳೋದು. ನಾಲ್ಕು ಕಾಸು ಹೆಚ್ಚು ಕೊಟ್ಟರೆ ಮಾಡಿ ಕೊಡ್ತೀವಿ ಅನ್ನೋರು ಇದ್ದಾರ. ಯಾರು, ಎಲ್ಲಿ ಅಂತ ಹೆಸರು ಹೇಳೋದು ಈ ಲೇಖನದ ಕೆಲಸ ಅಲ್ಲ. ಎರಡನೇ ದಾರಿ, ಒಂದು ದಿನದ ವೇಷ. ಡೀಸೆಲ್ ಪಂಪಿನ ಸ್ಕ್ರೂ ತಿರುವಿ ಎಣ್ಣೆ ಕಡಿಮಿ ಮಾಡಿಸಿದರೆ ಹೊಗೆ ತಗ್ಗತದ. ಪಾಸ್ ಆದಮ್ಯಾಲ ಸ್ಕ್ರೂ ಮತ್ತೆ ಹಿಂದಕ್ಕೆ ತಿರುವಿದರೆ ಗಾಡಿಗೆ ಜೋರು ಬರ್ತದ, ಹೊಗೆಯೂ ಬರ್ತದ. ಮೂರನೇ ದಾರಿ ರಿಪೇರಿ.

ಹುಡುಗನ ಪಕ್ಷ ಮೊದಲು ಹೇಳ್ತೀನಿ. ಎದುರಿನವನ ವಾದವನ್ನು ಸೊರಗಿಸಿ ಹಾಡೋದು ಹಾಡುಗಾರನ ಧರ್ಮ ಅಲ್ಲ. ಅವ ಹೇಳಿದ್ದು ಹಿಂಗ.

“ಕಾಕಾ, ಸೊಲ್ಲಾಪುರ ಹೈವೇ ಮ್ಯಾಲ ನಿಂತು ನೋಡ್ರಿ. ದಿನಕ್ಕ ಎಷ್ಟು ಟ್ರಕ್ ಹೋಗ್ತಾವ. ಕಾರ್ಖಾನೆ ಚಿಮಣಿ ನೋಡ್ರಿ. ಅವನ್ನೆಲ್ಲ ಬಿಟ್ಟು ನನ್ನ ಒಂದು ಕ್ರೂಜರ್ ಹಿಡಿದ್ರ ಆಕಾಶ ನೀಲಿ ಆಗ್ತದೇನು? ಗಾಡಿ ಮ್ಯಾಲ ಸಾಲ ಅದ. ಎರಡು ದಿನ ಗಾಡಿ ನಿಂತ್ರ ಎರಡು ಬಾಡಿಗೆ ಹೋಯ್ತು. ಪಂಪ್ ಬಿಚ್ಚಿಸಿದ್ರ ಏಳೆಂಟು ಸಾವಿರ. ಮತ್ತ ಆ ಮಷೀನು ಏನು ದೇವರೇನು? ವರ್ಷದಾಗ ಎರಡು ಸಲ, ಐದು ನಿಮಿಷ ನೋಡ್ತದ. ಅದಕ್ಕ ಬೇಕಾದ್ದು ಚೀಟಿ, ನಾನು ಚೀಟಿ ತಂದು ಕೊಡ್ತೀನಿ.”

ಈ ಮಾತಿನೊಳಗ ಖರೆ ಅದ. ಒಂದು ಗಾಡಿಯಿಂದ ಆಕಾಶ ಕಪ್ಪಾಗಂಗಿಲ್ಲ. ಮಷೀನು ಪೂರ್ತಿ ನ್ಯಾಯ ಮಾಡಂಗಿಲ್ಲ ಅನ್ನೋದೂ ಖರೆ. ಗಾಡಿಯ ಹೊಗೆಯೊಳಗ ಸಾರಜನಕದ ಆಕ್ಸೈಡ್ ಅಂತ ಇನ್ನೊಂದು ಕೆಟ್ಟ ಗಾಳಿ ಇರ್ತದ, ಪಿಯುಸಿ ಮಷೀನು ಅದನ್ನು ಅಳಿಯೋದೇ ಇಲ್ಲ. ಬಡವಗ ಏಳೆಂಟು ಸಾವಿರ ಅಂದ್ರ ಒಂದು ಕ್ವಿಂಟಾಲ್ ತೊಗರಿ ಮಾರಿದಂಗ, ಅದೂ ಖರೆ. ಇಷ್ಟೆಲ್ಲ ಒಪ್ಪಿದ ಮ್ಯಾಲೂ ನಾನು ಎದುರು ಪಕ್ಷ ಹಾಡ್ತೀನಿ. ಯಾಕ ಅಂತ ಒಂದೊಂದಾಗಿ ಹೇಳ್ತೀನಿ.

ಮೊದಲು ತಯಾರಿ ಅನ್ನೋ ಮಾತು ಬಿಡಿಸೋಣ. ಎಲ್ಲ ತಯಾರಿ ಸುಳ್ಳಲ್ಲ. ನಾವು ಹಾಡಿಗೆ ಕೂಡೋ ಮುಂದ ಡಪ್ಪನ್ನು ಬೆಂಕಿಗೆ ಹಿಡಿದು ಕಾಸ್ತೀವಿ. ತೊಗಲು ಬಿಗೀತದ, ನಾದ ಬರ್ತದ. ತುಂತುಣಿ ತಂತಿ ಬಿಗಿ ಮಾಡ್ತೀವಿ. ಇದು ಕೇಳೋರಿಗೆ ಮಾಡೋ ಮೋಸ ಏನು? ಅಲ್ಲ. ಡಪ್ಪಿನೊಳಗ ಇದ್ದ ನಾದವನ್ನೇ ಹೊರಗ ತರೋದು ಅದು. ಹಂಗೇ ಗಾಡಿಯನ್ನು ಹತ್ತು ಕಿಲೋಮೀಟರ್ ಓಡಿಸಿ, ಎಂಜಿನ್ ಕಾದ ಮ್ಯಾಲ ತಪಾಸಣೆಗೆ ನಿಲ್ಲಿಸೋದು ಮೋಸ ಅಲ್ಲ. ತಣ್ಣಗಿನ ಎಂಜಿನ್ ಹೊಗೆ ಹೆಚ್ಚು ಬಿಡ್ತದ, ಆ ಹೊಗೆ ಅದರ ಖರೇ ಗುಣ ಅಲ್ಲ. ಏರ್ ಫಿಲ್ಟರ್ ಬದಲಿ ಮಾಡೋದು, ಆಯಿಲ್ ಬದಲಿ ಮಾಡೋದು, ನೋಜಲ್ ಸ್ವಚ್ಛ ಮಾಡಿಸೋದು, ಪೆಟ್ರೋಲ್ ಗಾಡಿ ಇದ್ರ ಪ್ಲಗ್ ನೋಡಿಸೋದು, ಇವೆಲ್ಲ ತಪಾಸಣೆಯ ನೆವದಿಂದ ಮಾಡಿದರೂ ಒಳ್ಳೇ ಕೆಲಸವೇ. ನೆವ ಯಾವುದಾದರೂ ಇರಲಿ, ಕೆಲಸ ಉಳೀತದ.

ಹಂಗಾದ್ರ ಗೆರಿ ಎಲ್ಲಿ ಕೊರೀಬೇಕು? ನಾನು ಕಂಡುಕೊಂಡ ಗೆರಿ ಇದು. ತಪಾಸಣೆ ಮುಗಿದ ಮರುದಿನ ಆ ತಯಾರಿ ಗಾಡಿಯೊಳಗ ಉಳಿದಿದ್ದರೆ ಅದು ರಿಪೇರಿ. ಮರುದಿನ ಅದನ್ನು ಬಿಚ್ಚಿ ತೆಗೆದರೆ ಅದು ವೇಷ. ಬಯಲಾಟದಾಗ ವೇಷ ಹಾಕೋದು ತಪ್ಪಲ್ಲ, ಯಾಕಂದ್ರ ನೋಡೋರಿಗೆ ಅದು ವೇಷ ಅಂತ ಗೊತ್ತಿರ್ತದ. ತಪಾಸಣೆಯೊಳಗ ಎದುರಿನವಗ ಗೊತ್ತಿರಂಗಿಲ್ಲ. ಹೇಳದೆ ಹಾಕಿದ ವೇಷಕ್ಕೆ ಮೋಸ ಅಂತ ಹೆಸರು.

ನಾವು ರೈತರು ಇದನ್ನು ಬ್ಯಾರೆ ಕಡೆ ಚೆನ್ನಾಗಿ ಬಲ್ಲಿವಿ. ಅಡತಿಯೊಳಗ ತೊಗರಿ ಚೀಲಕ್ಕೆ ಕಬ್ಬಿಣದ ಚೂಪು ಕೊಳವೆ ಚುಚ್ಚಿ ಒಳಗಿನ ಕಾಳು ತೆಗೆದು ನೋಡ್ತಾರ. ಬಾಯಿ ಹತ್ತಿರ ಒಳ್ಳೇ ಕಾಳು, ತಳಕ್ಕೆ ಜೊಳ್ಳು ತುಂಬಿದವನ ಚೀಲ ಅಲ್ಲಿ ಬಯಲಾಗ್ತದ. ಅಂಥವನ ಮುಂದಿನ ಚೀಲವನ್ನೂ ಯಾರೂ ನಂಬಂಗಿಲ್ಲ. ಅಷ್ಟಕ್ಕೇ ಮುಗೀಲಿಲ್ಲ, ಆ ಊರಿನ ಬ್ಯಾರೆಯವರ ಚೀಲಕ್ಕೂ ಎರಡು ಸಲ ಚುಚ್ಚತಾರ. ಒಬ್ಬನ ಸುಳ್ಳಿನ ದಂಡ ಹತ್ತು ಮಂದಿ ಕೊಡ್ತಾರ. ಸೈಲೆನ್ಸರಿಗೆ ಹಾಕೋ ಕೊಳವೆಯೂ ಚೀಲಕ್ಕೆ ಚುಚ್ಚೋ ಕೊಳವೆಯೂ ಒಂದೇ ಕುಲದವು. ಮಾರುವಾಗ ನಾವು ಆ ಕೊಳವೆಗೆ ಅಂಜತೀವಿ, ಕೊಳ್ಳುವಾಗ ಅದೇ ಕೊಳವೆ ಬೇಕು ಅಂತೀವಿ. ಬೀಜ ಕೊಳ್ಳೋವಾಗ, ಗೊಬ್ಬರ ಕೊಳ್ಳೋವಾಗ ಚೀಲದ ಮ್ಯಾಲಿನ ಅಕ್ಷರ ಸುಳ್ಳಾದರೆ ನಮ್ಮ ಹೊಟ್ಟಿ ಉರೀತದ. ಹಂಗಿದ್ದ ಮ್ಯಾಲ ನಮ್ಮ ಚೀಟಿಯ ಮ್ಯಾಲಿನ ಅಕ್ಷರ ಸುಳ್ಳಾಗಬಹುದೇ?

ಇಂಥ ಬುದ್ಧಿ ಬಡವರದಷ್ಟೇ, ಹಳ್ಳಿಯವರದಷ್ಟೇ ಅಂತ ತಿಳಕೋಬ್ಯಾಡರಿ. ಜರ್ಮನಿಯ ಫೋಕ್ಸ್‌ವ್ಯಾಗನ್ ಅನ್ನೋ ದೊಡ್ಡ ಕಾರು ಕಂಪನಿಯ ಸಂಗತಿಯನ್ನು ಶಾಲೆಯ ಗುರುಗಳು ನನಗೆ ಬಿಡಿಸಿ ಹೇಳಿದರು. 2015ರ ಸೆಪ್ಟೆಂಬರಿನೊಳಗ ಅಮೆರಿಕದ ಸರಕಾರ ಅವರ ಕಳ್ಳತನ ಬಯಲು ಮಾಡಿತು. ಅವರ ಡೀಸೆಲ್ ಕಾರಿನ ಕಂಪ್ಯೂಟರಿಗೆ, ಈಗ ನನ್ನ ತಪಾಸಣೆ ನಡದದ ಅಂತ ಗುರುತು ಹಿಡಿಯೋದನ್ನು ಕಲಿಸಿದ್ದರು. ಗಾಲಿ ತಿರುಗಲಾಕ ಹತ್ತ್ಯಾವ ಆದರೆ ಸ್ಟೇರಿಂಗ್ ಅಲ್ಲಾಡವಲ್ಲದು ಅಂದ್ರ ಇದು ರಸ್ತೆ ಅಲ್ಲ, ತಪಾಸಣೆಯ ಮಷೀನು ಅಂತ ಕಾರಿಗೆ ತಿಳೀತಿತ್ತು. ಆವಾಗ ಹೊಗೆ ಕಡಿಮಿ ಬಿಡ್ತಿತ್ತು. ರಸ್ತೆಗೆ ಇಳಿದರೆ ಅದೇ ಕಾರು ಮಿತಿಗಿಂತ 40 ಪಟ್ಟು ತನಕ ಸಾರಜನಕದ ಆಕ್ಸೈಡ್ ಬಿಡ್ತಿತ್ತು. ಜಗತ್ತಿನೊಳಗ ಅಂಥ ಕಾರು ಸುಮಾರು 1 ಕೋಟಿ 10 ಲಕ್ಷ. ನಮ್ಮ ದೇಶದೊಳಗೂ 3 ಲಕ್ಷದ ಮ್ಯಾಲ ಕಾರು ತಿರುಗಿ ಕರೆಸಬೇಕಾಯಿತು.

ಈ ಕಥೆ ಕೇಳಿದ ಮ್ಯಾಲ ನನಗೆ ಒಂದು ತಿಳೀತು. ಅಲ್ಲಿ ದೊಡ್ಡ ದೊಡ್ಡ ಎಂಜಿನಿಯರ್ ಮಾಡಿದ್ದು, ಇಲ್ಲಿ ಪಂಪಿನ ಸ್ಕ್ರೂ ತಿರುವೋದು, ಎರಡೂ ಒಂದೇ ಕೆಲಸ. ಅವರು ಕಂಪ್ಯೂಟರಿನಿಂದ ತಿರುವಿದರು, ನಾವು ಪಾನದಿಂದ ತಿರುವ್ತೀವಿ. ದೊಡ್ಡವರು ಮಾಡ್ಯಾರ ಅಂತ ನಾವು ಮಾಡೋಣ ಅನ್ನೋದು ಒಂದು ವಾದ. ಆದರೆ ಅವರ ಸುದ್ದಿ ಓದಿ ಥೂ ಅಂದ ಬಾಯಿಯಿಂದಲೇ ನಮ್ಮ ಸ್ಕ್ರೂ ತಿರುವು ಅನ್ನೋದು ಹ್ಯಾಂಗ?

ಈಗ ಹುಡುಗನ ದೊಡ್ಡ ವಾದಕ್ಕೆ ಬರ್ತೀನಿ, ನನ್ನ ಒಂದು ಗಾಡಿಯಿಂದ ಏನಾಗ್ತದ ಅನ್ನೋದಕ್ಕೆ. ನಮ್ಮ ಮೇಳದೊಳಗ ನನ್ನ ಹಿಂದೆ ಸೊಲ್ಲು ಹಿಡಿಯೋ ಒಬ್ಬ ಗೆಳೆಯ ಇದ್ದಾನ. ಮೂವತ್ತು ವರ್ಷ ಹೈವೇ ಮ್ಯಾಲ ಚಹಾದ ಅಂಗಡಿ ನಡಿಸಿದವ. ಬೀಡಿ ಸೇದಿದವ ಅಲ್ಲ. ಅವನ ದನಿ ಹೆಂಗಿತ್ತು ಅಂದ್ರ, ಗೀಯ ಗೀಯ ಅಂತ ಎತ್ತಿದರೆ ಮುಂದಿನ ಓಣಿಯವರು ಎದ್ದು ಬರ್ತಿದ್ದರು. ಈಗ ಎರಡು ಸೊಲ್ಲಿಗೆ ದಮ್ಮು ಹತ್ತತದ. ಹೊಗೆ ಧೂಳಿನೊಳಗ ಕೂಡಬ್ಯಾಡ ಅಂತ ಡಾಕ್ಟರು ಹೇಳ್ಯಾರ. ಹಾಡುವವನ ಆಸ್ತಿ ಅಂದ್ರ ಉಸಿರು. ಹೊಲ ಹೋದರೆ ಕೋರ್ಟಿಗೆ ಹೋಗಬಹುದು, ಉಸಿರು ಹೋದರೆ ಯಾರ ಮ್ಯಾಲ ಕೇಸು ಹಾಕೋದು? ಆ ಮೂವತ್ತು ವರ್ಷದಾಗ ಲಕ್ಷಗಟ್ಟಲೆ ಗಾಡಿ ಹೋಗ್ಯಾವ. ಯಾವ ಗಾಡಿಯ ಹೊಗೆ ಅವನ ಎದಿಯೊಳಗ ಕುಂತದ ಅಂತ ಯಾವ ಡಾಕ್ಟರಿಗೂ ಹೇಳಲಾಕ ಬರಂಗಿಲ್ಲ. ಹೊಗೆಯಿಂದಲೇ ಆತು ಅಂತ ಗ್ಯಾರಂಟಿ ಹೇಳಲಾಕೂ ಬರಂಗಿಲ್ಲ. ಆದರೆ ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣ ಅಂತ 2012ರೊಳಗೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳ್ಯದ. ಅದು ಎದಿಗೆ ಒಳ್ಳೇದು ಅಂತ ಯಾರೂ ಹೇಳಿಲ್ಲ.

ಇಲ್ಲಿಯೇ ಈ ಪ್ರಶ್ನೆಯ ಗಂಟು ಇರೋದು. ಒಬ್ಬ ಇನ್ನೊಬ್ಬನ ತಲಿಗೆ ಬಡಿಗಿಯಿಂದ ಹೊಡೆದರೆ ಹೊಡೆದವ ಯಾರು, ಹೊಡಿಸಿಕೊಂಡವ ಯಾರು ಎಲ್ಲರಿಗೂ ಕಾಣ್ತದ. ಲಕ್ಷ ಮಂದಿ ಒಬ್ಬನಿಗೆ ಒಂದೊಂದು ಹುಲ್ಲುಕಡ್ಡಿಯಿಂದ ಹೊಡೆದರೆ ಅವನೂ ನೆಲಕ್ಕೆ ಬೀಳ್ತಾನ. ಆದರೆ ಪ್ರತಿಯೊಬ್ಬನೂ, ನಂದು ಬರೇ ಹುಲ್ಲುಕಡ್ಡಿ ಅಂತಾನ. ಅವ ಹೇಳೋದು ಖರೇನೂ ಅದ. ಅದಕ್ಕೇ ಅಂಥ ಕಡೆ ಕಾಯ್ದೆ ಬೇಕಾಗ್ತದ. ತಪಾಸಣೆ ಅನ್ನೋದು ಪ್ರತಿಯೊಬ್ಬನ ಕೈಯೊಳಗಿನ ಹುಲ್ಲುಕಡ್ಡಿ ಅಳಿಯೋ ಕೆಲಸ. ಎಲ್ಲರೂ ಬಿಟ್ಟ ಮ್ಯಾಲ ನಾನು ಬಿಡ್ತೀನಿ ಅಂದ್ರ ಯಾರೂ ಬಿಡಂಗಿಲ್ಲ.

ಇನ್ನೊಂದು ಮಾತು. ಗಾಡಿಯ ಹೊಗೆ ಮುಂದ ಕುಂತ ಡ್ರೈವರಿಗೆ ಹತ್ತಂಗಿಲ್ಲ, ಹಿಂದ ಬರೋರಿಗೆ ಹತ್ತತದ. ಸೈಕಲ್ ಹೊಡಕೊಂಡು ಶಾಲಿಗೆ ಹೋಗೋ ಮಕ್ಕಳಿಗೆ, ಬುಟ್ಟಿ ಹೊತ್ತು ನಡಿಯೋ ಹೆಣ್ಣುಮಕ್ಕಳಿಗೆ, ರಸ್ತಿ ಮಗ್ಗಲಕ ಕುಂತು ಕಾಯಿಪಲ್ಯ ಮಾರೋರಿಗೆ. ಅದರೊಳಗ ಭಾಳ ಮಂದಿಗೆ ಸ್ವಂತ ಗಾಡಿಯೇ ಇಲ್ಲ. ನಾನು ಬಡವ, ನನಗ ರಿಪೇರಿ ಆಗಂಗಿಲ್ಲ ಅಂತ ಗಾಡಿಯವ ಅಂದ್ರ, ಅವನ ರಿಪೇರಿಯ ಖರ್ಚನ್ನು ಅವನಿಗಿಂತ ಬಡವರು ಉಸಿರಿನಿಂದ ತೀರಿಸ್ತಾರ. ಖರ್ಚು ತಪ್ಪಲಿಲ್ಲ, ಬ್ಯಾರೆಯವರ ಹೆಗಲಿಗೆ ಹೋಯಿತು, ಅಷ್ಟೇ.

ಆದರೂ ಬಡತನದ ವಾದವನ್ನು ನಾನು ತಳ್ಳಿ ಹಾಕಂಗಿಲ್ಲ. ದಂಡ ಹತ್ತು ಸಾವಿರ ಅಂತ ಬರೆದವರು, ಸಾಲದ ಗಾಡಿಯವಗ ರಿಪೇರಿಗೆ ನಾಲ್ಕು ದಿನ ವಾಯಿದೆ ಕೊಡಬೇಕು. ಚೀಟಿ ಮಾರೋರನ್ನು ಮೊದಲು ಹಿಡೀಬೇಕು, ಕೊಳ್ಳೋರನ್ನು ಆಮ್ಯಾಲ. ಸುಳ್ಳು ಚೀಟಿ ಅಗ್ಗ, ಖರೇ ರಿಪೇರಿ ತುಟ್ಟಿ ಇದ್ದಲ್ಲಿ ಮನುಷ್ಯನ ನಿಯತ್ತಿನ ಮ್ಯಾಲ ಅಷ್ಟೂ ಭಾರ ಹಾಕೋದು ನ್ಯಾಯ ಅಲ್ಲ. ಆದರೆ ಸರಕಾರ ತಿದ್ದಿಕೊಳ್ಳೋ ತನಕ ನಾವು ಹೊಗೆ ಬಿಡ್ತೀವಿ ಅನ್ನೋದೂ ನ್ಯಾಯ ಅಲ್ಲ.

ಕ್ರೂಜರ್ ಏನಾತು ಅಂತ ಕೇಳ್ತೀರಿ. ಮನಿಯೊಳಗ ಎರಡು ದಿನ ವಾದ ಆತು. ಮೇಳದ ಸಂಭಾವನೆಯೊಳಗಿಂದ ಅರ್ಧ ನಾವು ಹಾಕಿದಿವಿ, ಯಾಕಂದ್ರ ಆ ಗಾಡಿಯೊಳಗ ಓಡಾಡೋರು ನಾವೂ ಅಲ್ಲೇನು? ಸೊಲ್ಲಾಪುರದಾಗ ಮಿಸ್ತ್ರಿ ಏರ್ ಫಿಲ್ಟರ್ ತೆಗೆದು ಝಾಡಿಸಿದರೆ ಅರ್ಧ ಸೇರು ಮಣ್ಣು ಬಂತು. ಎಂಜಿನ್ನಿಗೆ ಉಸಿರು ಕಟ್ಟಿತ್ತು. ಗಾಳಿ ಕಡಿಮಿ, ಎಣ್ಣಿ ಹೆಚ್ಚು ಆದರೆ ಕರೇ ಹೊಗೆ. ಆಯಿಲ್ ಸುಟ್ಟರೆ ನೀಲಿ ಹೊಗೆ. ಕಾದ ಮ್ಯಾಲೂ ಬಿಳೇ ಹೊಗೆ ನಿಲ್ಲದಿದ್ದರೆ ಒಳಗ ನೀರು ಹೋಗಲಾಕ ಹತ್ತ್ಯದ ಅಂತ ಅನುಮಾನ ಪಡಬೇಕು. ಹಿಂಗ ಬಣ್ಣ ನೋಡಿ ರೋಗ ಹೇಳೋದು ಮಿಸ್ತ್ರಿಯ ನಾಡಿಪರೀಕ್ಷೆ. ಫಿಲ್ಟರ್ ಹೊಸದು ಹಾಕಿದ, ನೋಜಲ್ ನಾಲ್ಕೂ ತೆಗೆದು ಪರೀಕ್ಷೆ ಮಾಡಿಸಿದ, ಪಂಪು ಕಂಪನಿ ಹೇಳಿದ ಅಳತಿಗೆ ಕೂಡಿಸಿದ. ಮತ್ತ ತಪಾಸಣೆಗೆ ನಿಲ್ಲಿಸಿದರೆ 2ರ ಒಳಗ ಬಂತು. ಡೀಸೆಲ್ಲೂ ಸ್ವಲ್ಪ ಉಳೀತದ ಅಂತ ಹುಡುಗ ಹೇಳ್ತಾನ.

ಆದರೆ ಡೀಸೆಲ್ ಉಳೀತದ, ಅದಕ್ಕೇ ರಿಪೇರಿ ಮಾಡ್ರಿ ಅಂತ ನಾನು ವಾದ ಮಾಡಂಗಿಲ್ಲ. ಲಾಭ ಆಗೋ ಕಡೆ ಒಳ್ಳೇತನಕ್ಕೆ ಪರೀಕ್ಷೆಯೇ ಇರಂಗಿಲ್ಲ, ಅಲ್ಲಿ ಲೆಕ್ಕ ಬಲ್ಲವರೆಲ್ಲ ಒಳ್ಳೆಯವರೇ. ಪೈಸೆ ತಿರುಗಿ ಬರದಿದ್ದರೂ ಆ ಕೆಲಸ ಮಾಡಬೇಕಾಗಿತ್ತು ಅನ್ನೋದು ನನ್ನ ಪಕ್ಷ.

ಕಡೀಗೆ, ಮಷೀನು ಅಳಿಯದ ಹೊಗೆಯೂ ನಮ್ಮ ನಡುವೆ ಅದ. ಕಬ್ಬು ಕಡಿದ ಮ್ಯಾಲ ಸೋಗಿಗೆ ಬೆಂಕಿ ಹಚ್ಚತಾರ. ಊರ ಹೊರಗ ಪ್ಲಾಸ್ಟಿಕ್ ಕಸ ಸುಡ್ತಾರ. ಅಲ್ಲಿ ಕೊಳವೆ ಹಾಕಿ ನೋಡೋರು ಯಾರೂ ಬರಂಗಿಲ್ಲ, ಪಾಸೂ ಇಲ್ಲ ಫೇಲೂ ಇಲ್ಲ. ಹಂಗಂತ ಆ ಹೊಗೆ ಎದಿಗೆ ಹತ್ತದೇ ಬಿಡ್ತದೇನು? ವರ್ಷಕ್ಕೆ ಒಂದೆರಡು ಸಲ ಐದೈದು ನಿಮಿಷ ನೋಡೋದು ಮಷೀನಿನ ಪಾಳಿ. ಉಳಿದ ದಿನ ಕಾಯೋದು ನಮ್ಮ ಪಾಳಿ. ಕಾಯ್ದೆ ತನ್ನ ಪಾಳಿಯೊಳಗ ಒಂದೊಂದು ಸಲ ತೂಕಡಿಸ್ತದ. ಅದನ್ನೇ ನೆವ ಮಾಡಿಕೊಂಡು ನಾವೂ ಮಲಗಿದರೆ ಹೊಲ ಕಾಯೋರು ಯಾರು?

ಗುರುಗಳಲ್ಲಿ ಒಂದು ವಿನಂತಿ. ಈ ಸವಾಲನ್ನು ಮಕ್ಕಳ ಮುಂದ ಇಡ್ರಿ. ಎರಡು ಸಾಲು ಮಾಡಿ ಕೂಡಿಸಿ, ಒಂದು ಸಾಲು ಚೀಟಿಯ ಪಕ್ಷ, ಇನ್ನೊಂದು ಸಾಲು ಹೊಗೆಯ ಪಕ್ಷ ಮಾತಾಡಲಿ. ನಾಳೆ ಗಾಡಿ ನಡಿಸೋರು, ತಪಾಸಣೆ ಮಾಡೋರು, ಚೀಟಿಗೆ ಸಿಕ್ಕಾ ಹೊಡಿಯೋರು ಅವರೇ. ಗಾಡಿ ಇದ್ದ ಅಣ್ಣತಮ್ಮಂದಿರಿಗೂ ಒಂದು ಮಾತು ಹೇಳಿ ಮುಗಸ್ತೀನಿ. ಚೀಟಿ ಮುಗಿಯೋ ಹದಿನೈದು ದಿನ ಮೊದಲು ಯಾರಿಗಾದರೂ ಗಾಡಿ ಕೊಟ್ಟು, ನೀವು ಒಂದು ಸಲ ಹಿಂದ ನಿಂತು ನೋಡ್ರಿ. ಮುಂದ ಕುಂತವಗ ಕಾಣಲಾರದ್ದು ಅಲ್ಲಿ ಕಾಣ್ತದ.